ಕೌದಿಯ ಆಚೆಯ ದನಿ

ಅವರ ಒಂದು ಹುಬ್ಬು ಪೂರ್ತಿ ಬೆಳ್ಳಗೆ, ಇನ್ನೊಂದು ಇದ್ದಿಲಿನಷ್ಟು ಕಪ್ಪು. ಮೊದಲ ಸಲ ಕಂಡವರು ಮಾತು ಮರೆತು ಅದನ್ನೇ ನೋಡುತ್ತ ನಿಲ್ಲುತ್ತಿದ್ದರು. "ನೋಡಿ ಆತಿಲ್ರಿ? ಬಿಳೇದು ಡೈರೆಕ್ಟರ್ ಸಾಹೇಬರ ಕಡೆ, ಕರೇದು ಕಂಪ್ಯೂಟರ್ ಹುಡುಗೂರ ಕಡೆ. ಇನ್ನ ಇಬ್ಬರೂ ನನ್ನ ಮಾತ ಕೇಳ್ರಿ" ಎಂದು ತಾವೇ ನಗೆ ಎಬ್ಬಿಸಿ ಪಾಠ ಶುರು ಮಾಡುತ್ತಿದ್ದರು. ಗೋಕಾಕದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಅವರು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ನಾನು ಕಣಗಲಾದಿಂದ ಬಂದು ಅವರ ಕೈಕೆಳಗೆ ಸೇರಿದ ಪ್ರೋಗ್ರಾಮರ್ ಹುಡುಗಿ. ಚೇರ್ಮನ್ನರಿಂದ ಹಿಡಿದು ಗೇಟಿನವರ ತನಕ ಎಲ್ಲರಿಗೂ ಅವರು ಕಾಕಾ.

ಆಗ ನಮ್ಮಲ್ಲಿ ಕಬ್ಬಿನ ವಿಭಾಗಕ್ಕೊಂದು ತಂತ್ರಾಂಶ, ತೂಕದ ಕಾಟಾಕ್ಕೊಂದು, ಲೆಕ್ಕದವರಿಗೆ ಮತ್ತೊಂದು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ತನ್ನ ಕಬ್ಬು ಕಡಿಯುವ ಪಾಳಿ ಯಾವಾಗ ಎಂದು ಕೇಳಲು ಕೌಜಲಗಿಯ ರೈತ ಬಸ್ಸು ಹತ್ತಿ ಬಂದು ಕಿಟಕಿಯಿಂದ ಕಿಟಕಿಗೆ ಅಲೆಯಬೇಕಿತ್ತು. ಇದನ್ನೆಲ್ಲ ಸರ್ವಿಸ್ ಓರಿಯೆಂಟೆಡ್ ಆರ್ಕಿಟೆಕ್ಚರ್ ಎಂಬ, ಪ್ರತಿ ವಿಭಾಗವೂ ತನ್ನ ಒಳಗನ್ನು ಮುಚ್ಚಿಟ್ಟುಕೊಂಡು ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಪದ್ಧತಿಗೆ ತರಬೇಕೆಂದು ಕಾಕಾ ಹಟ ಹಿಡಿದರು. ಮೊದಲು ಯಾರೋ ಸೂಟು ತೊಟ್ಟವರು ಬಂದು ಪರದೆಯ ಮೇಲೆ ಬಾಣಗಳ ಚಿತ್ರ ತೋರಿಸಿ ಹೋಗಿದ್ದರು. ಡೈರೆಕ್ಟರುಗಳು ತೂಕಡಿಸಿದರು, ನಾವು ಮೊಬೈಲ್ ನೋಡಿದೆವು. ಮುಂದಿನ ಸಲ ಆಡಳಿತದವರಿಗೆ ಬೇರೆ, ತಾಂತ್ರಿಕರಿಗೆ ಬೇರೆ ತರಗತಿ ಮಾಡೋಣವೆಂದರೆ ಕಾಕಾ ಒಪ್ಪಲಿಲ್ಲ. "ಬ್ಯಾರೆ ಬ್ಯಾರೆ ಹೇಳಿದರ ಇಬ್ಬರೂ ಬ್ಯಾರೆ ಬ್ಯಾರೆ ಕಾರ್ಖಾನಿ ಕಟ್ತಾರ. ಒಂದ ಜಮಖಾನಿ ಮ್ಯಾಲ ಕುಂಡ್ರಸ್ರಿ."

ಆ ಪಾಠ ನಡೆದದ್ದು ಮೂಡಲಗಿಯ ನಮ್ಮ ಶಾಖಾ ಕಚೇರಿಯಲ್ಲಿ. ಕಾಕಾ ಮನೆಯಿಂದ ಒಂದು ಕೌದಿ ತಂದಿದ್ದರು. ಕಾಕು, ಅಂದರೆ ಅವರ ಹೆಂಡತಿ, ಹಳೆಯ ಸೀರೆಗಳಿಂದ ಹೊಲಿದದ್ದು. ಅದನ್ನು ಬಾಗಿಲಿಗೆ ಅಡ್ಡ ಕಟ್ಟಿ ಹಿಂದೆ ಕಬ್ಬಿನ ವಿಭಾಗದ ಗುಮಾಸ್ತನನ್ನು ಕೂರಿಸಿದರು. ಕರಾರು ಇಷ್ಟೇ: ಈಚೆಯವರು ರೈತನ ನಂಬರು ಹೇಳಬೇಕು, ಆಚೆಯವರು ಪಾಳಿಯ ದಿನ ಹೇಳಬೇಕು. ಬೇರೆ ಮಾತಿಲ್ಲ. ಒಬ್ಬ ಡೈರೆಕ್ಟರು ಕೇಳಿದರು, ಉತ್ತರ ಬಂತು. ಕಾಕಾ ಸದ್ದಿಲ್ಲದೆ ಗುಮಾಸ್ತನನ್ನು ಎಬ್ಬಿಸಿ, ಅದೇ ಪಾಳಿ ಪಟ್ಟಿಯನ್ನು ಕೈಗೆ ಕೊಟ್ಟು ಕಾಟಾದವನನ್ನು ಕೂರಿಸಿದರು. ಅದೇ ಪ್ರಶ್ನೆಗೆ ಅದೇ ಉತ್ತರ.

"ದನಿ ಬ್ಯಾರೆ ಆತಲ್ರಿ ಕಾಕಾ! ಒಳಗ ಯಾರದಾರ?" ಎಂದರು ಡೈರೆಕ್ಟರು.

"ದಿವಸ ಖರೆ ಐತಿಲ್ರಿ? ಮತ್ತ ಯಾರದಾರ ಅನ್ನೋದು ತಗೊಂಡ ಏನ ಮಾಡ್ತೀರಿ?"

ಡೈರೆಕ್ಟರಿಗೆ ತಡೆಯಲಾಗಲಿಲ್ಲ. ಕೌದಿ ಎತ್ತಿ ಇಣುಕಿದರು. ಒಳಗಿದ್ದವನು ಅವರ ಸೋದರಳಿಯ! "ಏ, ನೀನಾ? ಮಮದಾಪುರದ ನಮ್ಮ ತಮ್ಮನ ಕಬ್ಬು ಜರಾ ಮುಂದ ಹಾಕಪಾ" ಎಂದುಬಿಟ್ಟರು. ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಾಕಾ ಮಾತ್ರ ನಗಲಿಲ್ಲ.

"ನೋಡಿದ್ರಿ? ಕೌದಿ ಎತ್ತಿದರ ಮಂದಿ ಕಾಣಸ್ತಾರ, ಮಂದಿ ಕಂಡರ ಸಲಿಗಿ ಬರತೈತಿ, ಪಾಳಿ ಕೆಡತೈತಿ." ಆಮೇಲೆ ನಮ್ಮ ಕಡೆ ತಿರುಗಿದರು. "ನೀವೇನ ಕಡಿಮಿ ಇಲ್ಲ. ಬಾಜೂದವರ ಡೇಟಾಬೇಸಿನ್ಯಾಗ ನೇರ ಕೈ ಹಾಕ್ತೀರಲ್ಲ, ಅದೂ ಕೌದಿ ಎತ್ತಿದಂಗನ. ನಾಳೆ ಅವರು ಒಳಗ ಏನರ ಬದಲ ಮಾಡಿದರ ನಿಮ್ಮದೂ ಬೀಳತೈತಿ. ಒಳಗಿನವರನ್ನ ತಗದರೂ ಹೊರಗಿನವರಿಗೆ ಗೊತ್ತಾಗಬಾರದು. ನನ್ನ ತಗದರೂನೂ."

ಹುಕ್ಕೇರಿಯಲ್ಲೂ ಅದೇ ಕೌದಿ, ಅದೇ ಪಾಠ. ಬರೀ ಬಾಣಗಳಿಂದ ಆಗದ್ದು ಅದರಿಂದ ಆಯಿತು. ಮುಂದಿನ ಹಂಗಾಮಿಗೆ ರೈತರು ಮನೆಯಿಂದಲೇ ಫೋನ್ ಮಾಡಿ ಪಾಳಿ ಕೇಳುವಂತಾಯಿತು. ಕಂಪ್ಯೂಟರಿನ ದನಿಯನ್ನು ನಮ್ಮ ಮಂದಿ ನಂಬುವುದಿಲ್ಲವೆಂದು ಕಾಕಾ ತಮ್ಮ ದನಿಯಲ್ಲೇ ವಾರಗಳ ಹೆಸರು, ಅಂಕಿ ಎಲ್ಲ ರೆಕಾರ್ಡ್ ಮಾಡಿ ಇಟ್ಟರು. "ನಮಸ್ಕಾರ್ರಿ. ನಿಮ್ಮ ನಂಬರ್ ಒತ್ರಿ. ತಡೀರಿ, ನೋಡಿ ಹೇಳ್ತೇನಿ." ನೋಡುವುದೇನು ಬಂತು, ಯಂತ್ರಕ್ಕೆ ಕ್ಷಣವೂ ಬೇಡ. ಆದರೂ ನೋಡಿ ಹೇಳಿದರೇನೇ ರೈತನಿಗೆ ಸಮಾಧಾನವೆಂದು ಅಲ್ಲೊಂದು ಉಸಿರಿನಷ್ಟು ಬಿಡುವು ಇಡಿಸಿದರು.

ಅದೇ ಹಂಗಾಮಿನ ನಡುವೆ ಕಾಕಾ ಹೋದರು. ಎದೆ ಹಿಡಿದುಕೊಂಡು ಕುಳಿತವರು ಏಳಲೇ ಇಲ್ಲ. ಮಣ್ಣು ಮಾಡಿ ಬಂದು ಮೈಮೇಲೆ ನೀರು ಹಾಕಿಕೊಂಡು ಕಚೇರಿಗೆ ಹೋದರೆ, ಗೋಡೆಯ ಪಕ್ಕದ ಪರದೆಯಲ್ಲಿ ಕರೆಗಳು ಬರುತ್ತಲೇ ಇದ್ದವು. ಪ್ರತಿ ಕರೆಗೂ ಕಾಕಾ ಉತ್ತರ ಕೊಡುತ್ತಿದ್ದರು.

ಮರುದಿನ ಕೌಜಲಗಿಯ ರೈತರೊಬ್ಬರು ಬಂದರು. "ಹೆಗಲ ಕೊಟ್ಟ ಬಂದೇನ್ರಿ ನಾ. ಮನಿಗೆ ಹೋಗಿ ಪಾಳಿ ಕೇಳಿದರ ಅವರ ದನಿ! ಫೋನ್ ಕೈಯಾಗಿಂದ ಬಿತ್ತು." ಸರ್ವರ್ ಕೋಣೆಗೆ ಒಬ್ಬರೇ ಹೋಗಲು ನಮ್ಮ ಹುಡುಗರು ಹೆದರಿದರು. ದನಿ ಬದಲಿಸಿ ಎಂದು ಚೇರ್ಮನ್ನರು ಹೇಳಿಕಳಿಸಿದರು. ನಾನು ಈ ನೆಪ, ಆ ನೆಪ ಹೇಳಿ ಮುಂದೂಡಿದೆ. ಅದೊಂದನ್ನು ತೆಗೆದರೆ ಅವರು ಖರೆ ಸತ್ತಂತೆ ಎಂದು ನನಗೆ ಅನ್ನಿಸುತ್ತಿತ್ತು. ಅಷ್ಟು ಹೆಂಗರುಳು ನನಗಿದೆಯೆಂದು ಯಾರೂ ನಂಬಲಾರರು, ಆದರೆ ಸುಳ್ಳಲ್ಲ.

ಒಂದು ಮಧ್ಯಾಹ್ನ ಕಾಕು ತಾವೇ ಬಂದರು. ಆ ದನಿ ಉಳಿಸಿಕೊಡೆಂದು ಕೇಳಲು ಬಂದಿದ್ದಾರೆ ಎಂದುಕೊಂಡು ನಾನೇ ಮೊದಲು, "ಅಂಜಬ್ಯಾಡ್ರಿ ಕಾಕು, ನಾ ತಗಿಯಾಂಗಿಲ್ಲ" ಎಂದೆ.

"ತಗಿಯವ್ವಾ" ಎಂದರು ಕಾಕು. "ದಿನಾ ಫೋನ್ ಹಚ್ಚತೇನಿ. ನೆರಿಮನಿಯವರ ನಂಬರ್ ಒತ್ತತೇನಿ. ತಡೀರಿ ಅಂತಾರ. ತಡಿತೇನಿ. ಏನರ ನನಗ ಹೇಳ್ತಾರೇನೋ ಅಂತ ಜೀವ ಹಿಡಕೊಂಡ ತಡಿತೇನಿ. ಮಂಗಳವಾರ ಅಂತಾರ, ಇಟ್ಟಬಿಡತಾರ. ಹಿಂಗ ಎಷ್ಟ ದಿವಸ ತಡೀಲವ್ವಾ?"

ಕಾಕು ಹೊರಟ ಮೇಲೆ ಮೈಕಿನ ಮುಂದೆ ಕೂತೆ. ವಾರಗಳನ್ನು ಓದಿದೆ, ಅಂಕಿಗಳನ್ನು ಓದಿದೆ. 'ತಡೀರಿ' ಎಂಬ ಮಾತನ್ನು ಮಾತ್ರ ಓದಲಿಲ್ಲ. ಆ ಬಿಡುವನ್ನೂ ತೆಗೆದೆ. ಅವರ ದನಿಯ ಜಾಗದಲ್ಲಿ ನನ್ನದನ್ನು ಇಟ್ಟೆ. ಬೇರೆ ಯಾವುದನ್ನೂ ಮುಟ್ಟಬೇಕಾಗಲಿಲ್ಲ, ಅಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದರು ಮಹಾರಾಯರು.

ಮರುದಿನ ಬೆಳಿಗ್ಗೆಯಿಂದ ಕರೆಗಳು ಎಂದಿನಂತೆ ಬಂದವು. ಪಾಳಿ ತಪ್ಪಲಿಲ್ಲ, ಕಾಟಾದ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲಲಿಲ್ಲ. ಅವರು ಕಲಿಸಿದ್ದು ಹೀಗೇ ಆಗಬೇಕೆಂದು, ಆಯಿತು. ಕಾಕಾ ಎಲ್ಲಿ ಎಂದು ಒಬ್ಬರಾದರೂ ಕೇಳಲಿ ಅಂತ ಸಂಜೆಯವರೆಗೆ ಫೋನಿನ ಹತ್ತಿರವೇ ಕೂತಿದ್ದೆ. ಯಾರೂ ಕೇಳಲಿಲ್ಲ.