ಅವಳು ಹಿಡಿದುಕೊಟ್ಟ ಮೀನುಗಳು

ಗಾಜಿನ ತೊಟ್ಟಿ ನಮ್ಮ ಮನೆಗೆ ಬಂದದ್ದು ಯಾವ ವರ್ಷ ಎಂದು ಕೇಳಿದರೆ ಹೇಳಲಾರೆ. ಯುದ್ಧ ಶುರುವಾಗಿತ್ತು, ಸೀಮೆಎಣ್ಣೆಗೆ ಸಾಲು ನಿಲ್ಲುತ್ತಿದ್ದೆವು. ನನಗೆ ಮದುವೆಯಾಗಿ ಒಂದು ವರ್ಷ ಕಳೆದಿತ್ತು, ಅಥವಾ ಎರಡು. ಮಂಡ್ಯದ ಕಬ್ಬಿನ ಗಾಡಿಗಳ ರಸ್ತೆಗೆ ಮುಖ ಮಾಡಿದ ಎರಡು ಕೋಣೆಯ ಮನೆ. ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಡೆ ಗುಮಾಸ್ತರು. ಸಂಜೆ ಅವರು ಬಂದರೆ ಅವರಿಗಿಂತ ಮೊದಲು ಕಾಕಂಬಿಯ ವಾಸನೆ ಒಳಗೆ ಬರುತ್ತಿತ್ತು.

ಮೈಸೂರಿನಲ್ಲಿ ಓದುವಾಗ ಯಾವುದೋ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಮನೆಯೊಳಗೆ ಗಾಜಿನ ತೊಟ್ಟಿ ಇಟ್ಟು ಮೀನು ಸಾಕಿದ ಚಿತ್ರ ನೋಡಿದ್ದರಂತೆ. ಅದು ತಲೆಯಲ್ಲಿ ಕೂತಿತ್ತು. ಆಫೀಸಿನ ಕಿಟಕಿಗಳನ್ನು ಬದಲಾಯಿಸಿದಾಗ ಹಳೆಯ ಗಾಜು ಕೇಳಿ ತಂದರು. ಸ್ಟೇಷನ್ ರಸ್ತೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಸಾಬರು ಕಬ್ಬಿಣದ ಕಟ್ಟು ಮಾಡಿ, ಗಾಜು ಕೂರಿಸಿ, ನೀರು ಸೋರದ ಹಾಗೆ ಅಂಚಿಗೆ ಪುಟ್ಟಿ ಮೆತ್ತಿ, ತಾವೇ ತಲೆಯ ಮೇಲೆ ಹೊತ್ತು ತಂದು ಇಳಿಸಿದರು.

"ಮೀನಿಗಾ ಸ್ವಾಮಿ ಇದು? ನಾನು ಮಿಠಾಯಿ ಅಂಗ್ಡಿ ಇಡ್ತೀರೇನೋ ಅನ್ಕೊಂಡಿದ್ದೆ. ಜಿಲೇಬಿಗೆ ಬಲೇ ಚೆನ್ನಾಗಿರ್ತಿತ್ತು."

ಸಾಬರು ಹೋದ ಮೇಲೆ ಗಂಡ ಖಾಲಿ ತೊಟ್ಟಿಯ ಆಚೆ ಬದಿಯಲ್ಲಿ ಕೂತು, ಗಾಜಿನೊಳಗಿಂದ ನನ್ನನ್ನು ನೋಡುತ್ತ ಹೇಳಿದರು: "ಮೊದಲನೇ ಮೀನು ಯಾವ್ದು ಬೇಕೋ ನೀನೇ ಆರ್ಸು."

ಮದುವೆಯಾದ ಮೇಲೆ ಆ ಮನೆಯಲ್ಲಿ ನಾನು ಆರಿಸಿದ್ದು ಯಾವುದೂ ಇರಲಿಲ್ಲ. ಪಾತ್ರೆ ಅತ್ತೆಯವರು ಕೊಟ್ಟದ್ದು, ಹಾಸಿಗೆ ಅಪ್ಪ ಕೊಟ್ಟದ್ದು, ಮನೆ ಕಾರ್ಖಾನೆಯವರು ಕೊಟ್ಟದ್ದು. ನೀನೇ ಆರ್ಸು ಎಂಬ ಆ ಮಾತನ್ನು ನಾನು ಎಷ್ಟು ಜೋಪಾನವಾಗಿ ಬಾಯಲ್ಲಿ ಇಟ್ಟುಕೊಂಡು ಓಡಾಡಿದೆ ಎಂದರೆ, ಮುಂದಿನ ಭಾನುವಾರ ಅವರು "ವೈದ್ಯನಾಥಪುರಕ್ಕೆ ಹೋಗೋಣ, ಅಲ್ಲಿ ಅಕ್ಕನ ಮಗಳು ಹಿಡ್ಕೊಡ್ತಾಳೆ" ಎಂದಾಗ, ಆ ಮಾತನ್ನು ಯಾರೋ ನನ್ನ ಬಾಯಿಂದ ಕಿತ್ತುಕೊಂಡ ಹಾಗಾಯಿತು.

ಈ ಅಕ್ಕನ ಮಗಳ ವಿಷಯ ಹೇಳಬೇಕು. ನಮ್ಮ ಕಡೆ ಅಕ್ಕನ ಮಗಳು ಎಂದರೆ ತಮ್ಮನಿಗೆ ಹುಟ್ಟಿದಾಗಲೇ ಗೊತ್ತಾದ ಹೆಣ್ಣು. ಇವಳೂ ಹಾಗೆಯೇ ಬೆಳೆದವಳು. ಇವರು ಮೈಸೂರಿಗೆ ಹೋಗಿ ಓದಿ ಬಂದು, ರಕ್ತಸಂಬಂಧದಲ್ಲಿ ಮದುವೆ ಕೂಡದು ಎಂದು ಹಟ ಹಿಡಿದರು. ಆಗ ಮಳವಳ್ಳಿಯ ಮೇಷ್ಟರ ಮಗಳನ್ನು, ಅಂದರೆ ನನ್ನನ್ನು, ತಂದರು. ಮದುವೆಯಾದ ಹೊಸದರಲ್ಲಿ ಇವರೇ ಈ ಕಥೆಯನ್ನು ನನಗೆ ವಿವರವಾಗಿ ಹೇಳಿದರು. ರಕ್ತದ ವಿಷಯ ಬಹಳ ಹೇಳಿದರು. ಅವಳು ತಮಗೆ ಇಷ್ಟವಿರಲಿಲ್ಲ ಎಂದು ಮಾತ್ರ ಹೇಳಲಿಲ್ಲ. ನಾನು ಕಾದೆ. ಆ ವಾಕ್ಯ ಬರಲೇ ಇಲ್ಲ.

ಮದ್ದೂರಿನವರೆಗೆ ರೈಲು, ಅಲ್ಲಿಂದ ಗಾಡಿ. ಅವಳು ಬಾಗಿಲಲ್ಲೇ ನಿಂತಿದ್ದಳು. ನನಗಿಂತ ಒಂದೇ ವರ್ಷಕ್ಕೆ ಚಿಕ್ಕವಳು. ನನ್ನನ್ನು ಕಂಡು "ಬನ್ನಿ ಅತ್ತೆ" ಎಂದಳು. ಮಾವನ ಹೆಂಡತಿ ಅತ್ತೆಯೇ, ಅದರಲ್ಲಿ ತಪ್ಪಿಲ್ಲ. ಆದರೆ ಆ ಹುಡುಗಿಯ ಬಾಯಲ್ಲಿ ಅದನ್ನು ಕೇಳಿದಾಗಲೆಲ್ಲ ನನ್ನ ತಲೆಗೂದಲಿನ ಒಂದು ಎಳೆ ನೆರೆತಂತೆ ಆಗುತ್ತಿತ್ತು. ನನಗೆ ಬಹುವಚನ. ನನ್ನ ಗಂಡನಿಗೆ ಏಕವಚನ.

"ಏನ್ ಮಾವ, ಅಷ್ಟ್ ದೊಡ್ಡ ಓದು ಓದಿದ್ದೀಯ, ಮೀನ್ ಇಡಿಯಾಕೆ ಬರಾಕಿಲ್ವಾ ನಿಂಗೆ?"

"ಓದಿದ್ದಕ್ಕೇ ಮರ್ತೋಯ್ತು ಕಣಮ್ಮಿ."

ನಾನು ಆ ಮನುಷ್ಯನಿಗೆ 'ನೀವು' ಎನ್ನುವವಳು. ಹೆಸರು ಹಿಡಿದು ಕರೆಯದವಳು. ಅವಳು 'ನಿಂಗೆ' ಎಂದಾಗ ಅವರ ಮುಖ ಎಂಟು ವರ್ಷದವನ ಮುಖವಾಯಿತು. ಆ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮಳೆ ನಿಂತು ಶಿಂಷೆಯ ಹೊಳೆ ತಿಳಿಯಾಗಿತ್ತು. ಅವಳು ಒಂದು ಹಳೆಯ ಸೀರೆಯ ತುಂಡು, ಅಂಗೈಯಷ್ಟು ರಾಗಿಮುದ್ದೆ, ಒಂದು ಮಣ್ಣಿನ ಮಡಕೆ ತಂದಿದ್ದಳು. ಸೀರೆಯನ್ನು ಮಂಡಿಯವರೆಗೆ ಎತ್ತಿ ಕಟ್ಟಿ ನೀರಿಗೆ ಇಳಿದಳು. ಬಟ್ಟೆಯ ಒಂದು ಕಡೆ ಅವಳು, ಇನ್ನೊಂದು ಕಡೆ ಇವರು. ನಾನು ದಂಡೆಯ ಮೇಲೆ, ಕೈಯಲ್ಲಿ ಇವರ ಚಪ್ಪಲಿ ಮತ್ತು ಕೋಟು ಹಿಡಿದುಕೊಂಡು.

"ಅಂಗಲ್ಲ ಮಾವ, ಇಂಗೆ ಇಡ್ಕೊ. ಬಗ್ಗು. ಇನ್ನೂ ಬಗ್ಗು. ಒಟ್ಟೆ ಬಂದೈತೆ ನಿಂಗೆ, ಅತ್ತೆ ಸಂದಾಗಿ ಇಕ್ತಾರೆ ಅಂತ ಕಾಣ್ತದೆ."

ಇಬ್ಬರೂ ನಕ್ಕರು. ನಾನೂ ನಕ್ಕೆ ಎಂದು ನೆನಪು. ಇಬ್ಬರು ಒಂದು ಬಟ್ಟೆಯ ಎರಡು ತುದಿ ಹಿಡಿದು ಎದುರುಬದುರು ನಿಲ್ಲುವುದನ್ನು ನಾನು ಹಸೆಮಣೆಯ ಮುಂದೆ ಮಾತ್ರ ಕಂಡಿದ್ದೆ. ಅಲ್ಲಿ ತೆರೆಸೀರೆಯನ್ನು ಬೇರೆಯವರು ಹಿಡಿಯುತ್ತಾರೆ, ಗಂಡುಹೆಣ್ಣು ಆಚೀಚೆ ಇರುತ್ತಾರೆ. ಇಲ್ಲಿ ತೆರೆ ನೀರೊಳಗೆ ಇತ್ತು.

ಆಗ ನನಗೆ ಕಂಡಿತು. ದಂಡೆಯ ಪಕ್ಕ, ಹರಿವಿಲ್ಲದ ಕಡೆ, ಜೊಂಡಿನ ಬುಡದಲ್ಲಿ, ಕೆಂಪಗೆ, ಯಾರೋ ನೀರಿಗೆ ಕುಂಕುಮ ಎರಚಿದ ಹಾಗೆ ಒಂದು ಗುಂಪು. ಸೂಜಿಯಷ್ಟು ಮೀನುಗಳು, ನೂರಾರು, ಒಟ್ಟಿಗೆ ತಿರುಗುತ್ತಿದ್ದವು. ಅಷ್ಟು ಚೆಂದದ್ದನ್ನು ನಾನು ನೋಡಿರಲಿಲ್ಲ.

"ಇದು. ನನಗೆ ಇದೇ ಬೇಕು" ಎಂದೆ. ಗಟ್ಟಿಯಾಗಿ ಹೇಳಿದೆ. ಬೇಕು ಎಂಬ ಮಾತನ್ನು ಅಷ್ಟು ಗಟ್ಟಿಯಾಗಿ ಹಿಂದೆ ಹೇಳಿದ್ದು ನೆನಪಿಲ್ಲ.

ಅವಳು ಬಗ್ಗಿ ನೋಡಿದಳು. "ಅಯ್ಯೋ ಅತ್ತೆ! ಅವು ಕೊರಮೀನ್ ಮರಿ. ಈಗ ಕೆಂಪಗವೆ, ಒಂದೆಲ್ಡ್ ತಿಂಗ್ಳಿಗೆ ಕರ್ರಗಾಯ್ತವೆ, ಮಿಕ್ಕವ್ನೆಲ್ಲ ನುಂಗಾಕ್ಬುಡ್ತವೆ. ತಾಯಿ ತಳದಾಗೆ ನಿಂತದೆ, ಕೈ ಇಕ್ಕೀರಿ, ಕಚ್ಚುತ್ತೆ."

"ನಿಮ್ಮತ್ತೆಗೆ ಬಣ್ಣ ಕಂಡ್ರೆ ಸಾಕು" ಎಂದರು ಇವರು. "ಮಳವಳ್ಳಿಯೋರು. ಮೀನು ಅಂದ್ರೆ ಸಾರ್ನಲ್ಲಿ ನೋಡಿರೋದು."

ಅಷ್ಟೇ. ನನ್ನ ಆಯ್ಕೆ ಮುಗಿಯಿತು. ಅವಳು ಐದು ಪಕ್ಕೆಮೀನು ಹಿಡಿದಳು. ಬೆಳ್ಳಗೆ, ಬಾಲದ ಹತ್ತಿರ ಒಂದು ಕಪ್ಪು ಚುಕ್ಕೆ. ಒಂದೊಂದನ್ನೂ ಬೊಗಸೆಯಲ್ಲಿ ಎತ್ತಿ, ರೆಕ್ಕೆ ಹರಿದಿದೆಯೇ ಎಂದು ತಿರುಗಿಸಿ ನೋಡಿ, ಎರಡನ್ನು ವಾಪಸು ಬಿಟ್ಟು ಬೇರೆ ಹಿಡಿದಳು. "ಎಲ್ಲ ಒಂದೇ ಅಳತೇವು ಇರ್ಬೇಕು ಮಾವ, ಇಲ್ದಿದ್ರೆ ದೊಡ್ಡದು ಚಿಕ್ಕದ್ನ ಓಡುಸ್ತದೆ." ಅವಳ ಆಯ್ಕೆ ಸರಿಯಾಗಿತ್ತು. ಅದು ನನಗೆ ಆಗಲೇ ತಿಳಿದಿತ್ತು, ಅದೇ ಸಂಕಟ.

ಹೊರಡುವಾಗ ಮಡಕೆಯನ್ನು ನನ್ನ ಮಡಿಲಿಗೆ ಕೊಟ್ಟು ಹೇಳಿದಳು: "ಮಡಕೆ ನೀರ ಚೆಲ್ಬ್ಯಾಡಿ ಅತ್ತೆ. ತೊಟ್ಟೀಗೆ ಕಾಲುವೆ ನೀರ್ ತುಂಬಿ. ಆ ನೀರ್ನ ಒಂದೊಂದೇ ಬೊಗ್ಸೆ ಮಡಕೆಗೆ ಬೆರ್ಸಿ, ಸಂಜೆಗಂಟ ಬುಟ್ಟು, ಆಮ್ಯಾಕೆ ಬುಡಿ. ತಾಮ್ರದ ಅಂಡೆ ನೀರ್ ಮಾತ್ರ ಬ್ಯಾಡ. ತಾಮ್ರದಾಗೆ ಮೀನ್ ನಿಲ್ಲಾಕಿಲ್ಲ."

ಮಾರನೆಯ ದಿನ ಗಂಡ ಕಾರ್ಖಾನೆಗೆ ಹೋಗುವಾಗ, ಕಾಲುವೆಯಿಂದ ನೀರು ತರಿಸಿಡು, ಸಂಜೆ ಬಂದು ಇಬ್ಬರೂ ಸೇರಿ ಬಿಡೋಣ ಎಂದು ಹೇಳಿ ಹೋದರು. ಮಡಕೆ ಅಡುಗೆಮನೆಯ ನೆರಳಲ್ಲಿತ್ತು. ನಾನು ಬಚ್ಚಲಿಗೆ ಹೋಗಿ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಹೊಸ ಕಾಸಿನ ಹಾಗೆ ಹೊಳೆಯಿತು. ಬಾವಿಯ ನೀರು ಸೇದಿ ತುಂಬಿದೆ. ಸ್ವಲ್ಪ ಹೊತ್ತು ಬಿಟ್ಟು ಆ ನೀರನ್ನು ಬಿಂದಿಗೆಯಲ್ಲಿ ತುಂಬಿ ತುಂಬಿ ತಂದು ತೊಟ್ಟಿಗೆ ಹೊಯ್ದೆ. ಮಡಕೆಯ ಬಾಯಿಗೆ ಬಟ್ಟೆ ಹಿಡಿದು, ಹೊಳೆಯ ನೀರನ್ನು ಹಿತ್ತಲಿಗೆ ಬಗ್ಗಿಸಿ, ಐದೂ ಮೀನುಗಳನ್ನು ಬಟ್ಟೆಯಿಂದ ತೊಟ್ಟಿಗೆ ಕೊಡವಿದೆ.

ಎಷ್ಟೋ ವರ್ಷ ಕಳೆದ ಮೇಲೆ ಇದನ್ನು ನಾನು ಹಲವರಿಗೆ ಬೇರೆ ರೀತಿ ಹೇಳಿದ್ದೇನೆ. ನಾನು ಹೇಳುತ್ತ ಬಂದದ್ದು ಹೀಗೆ: ಪಾಪ, ಹೊಸ ಹೆಂಡತಿ, ಏನೂ ತಿಳಿಯದು, ಮನೆಯಲ್ಲಿ ಎಲ್ಲಕ್ಕಿಂತ ಶುದ್ಧವಾದ ನೀರು ಹಂಡೆಯದು ಎಂದು ಭಕ್ತಿಯಿಂದ ತಂದು ಹಾಕಿದಳು. ತಾಮ್ರದ ಮಾತನ್ನು ಅವಳು ದಂಡೆಯ ಮೇಲೆ ಹೇಳಿರಲೇ ಇಲ್ಲ, ಮೀನು ಸತ್ತ ಮೇಲೆ ಹೇಳಿದಳು. ಈ ಕಥೆಗೆ ಕೇಳಿದವರೆಲ್ಲ ನಗುತ್ತಾರೆ. ಎಷ್ಟು ಸಲ ಹೇಳಿದ್ದೇನೆಂದರೆ, ಹೇಳುವಾಗ ಆ ದಂಡೆಯ ಮೇಲೆ ಅವಳ ತುಟಿ ಅಲುಗದೆ ಇರುವುದು ನನಗೆ ಕಾಣಿಸುತ್ತದೆ.

ಆದರೆ ಹೊಳೆಯ ನೀರನ್ನು ನಾನೇಕೆ ಹಿತ್ತಲಿಗೆ ಚೆಲ್ಲಿದೆ? ಸಂಜೆ ಇಬ್ಬರೂ ಸೇರಿ ಬಿಡೋಣ ಎಂದವರು ಬರುವವರೆಗೆ ಏಕೆ ಕಾಯಲಿಲ್ಲ? ಆ ಹಂಡೆಯನ್ನು ಶುಕ್ರವಾರ ತಿಕ್ಕುವುದು ವಾಡಿಕೆ, ಅಂದು ಸೋಮವಾರ. ತಿಳಿಯದವಳು ಇಷ್ಟೊಂದು ತಯಾರಿ ಮಾಡುವುದಿಲ್ಲ. ಮೀನು ಸಾಯಲಿ ಎಂದು ಮಾಡಿದೆನೇ? ಹಾಗೆಂದು ಪ್ರಮಾಣ ಮಾಡಲೂ ಆರೆ. ಅವಳು ಹೇಳಿದ್ದರಲ್ಲಿ ಒಂದನ್ನೂ ಮಾಡಬಾರದು ಎಂದು ಮಾಡಿದೆ. ಅಲ್ಲಿಯವರೆಗೆ ನನಗೆ ಗೊತ್ತು.

ಸಂಜೆ ಅವರು ಬರುವಾಗ ಎರಡು ಮಗುಚಿ ತೇಲುತ್ತಿದ್ದವು. ಮೂರು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಬೆಳಗಿಗೆ ಅವೂ ಇಲ್ಲ. ನೀರು ಕಾಲುವೆಯದೇ ಎಂದು ನಂಬಿದ್ದ ಗಂಡ ಅಂಚಿನ ಪುಟ್ಟಿಯನ್ನು ಉಗುರಿನಿಂದ ಕೆರೆದು ಮೂಸಿ, "ಇದ್ರಲ್ಲೇ ಏನೋ ವಿಷ ಇದೆ" ಎಂದರು. ಸಾಬರನ್ನು ಕರೆಸಿದರು.

"ನಮ್ ಮನೆ ತೂತು ಬಿಂದಿಗೆಗೂ ಇದೇ ಮೆತ್ತಿದೀನಿ ಸ್ವಾಮಿ. ಮಕ್ಕಳು ಅದ್ರಲ್ಲೇ ನೀರು ಕುಡಿಯೋದು" ಎಂದು ಆ ಮನುಷ್ಯ ನೊಂದುಕೊಂಡು ಹೋದರು. ನಾನು ಒಳಗಿನಿಂದ ಕೇಳಿಸಿಕೊಂಡೆ. ಹೊರಗೆ ಬರಲಿಲ್ಲ.

ನಾನು ಒಂದನ್ನು ಯೋಚಿಸಿರಲಿಲ್ಲ. ಮೀನು ಸತ್ತರೆ ಮತ್ತೆ ಮೀನು ಬೇಕಲ್ಲ. ಮುಂದಿನ ಭಾನುವಾರ ಅವರು ಮತ್ತೆ ವೈದ್ಯನಾಥಪುರಕ್ಕೆ ಹೊರಟರು. ಈ ಸಲ ಒಬ್ಬರೇ. ನನ್ನನ್ನು ಕರೆಯಲಿಲ್ಲವೋ, ಕರೆದರೂ ನಾನು ತಲೆನೋವು ಎಂದೆನೋ, ಎರಡೂ ನಿಜವೆಂದು ಒಮ್ಮೊಮ್ಮೆ ಅನಿಸುತ್ತದೆ. ಇಡೀ ದಿನ ನಾನು ಬಾಗಿಲಿಗೂ ಒಲೆಗೂ ಓಡಾಡಿದೆ. ಶಿಂಷೆಯಲ್ಲಿ ಅವರಿಬ್ಬರು ಬಗ್ಗಿ ನಿಂತದ್ದು, ಈ ಸಲ ದಂಡೆಯ ಮೇಲೆ ಚಪ್ಪಲಿ ಹಿಡಿಯುವವರೂ ಇಲ್ಲದೆ ನಿಂತದ್ದು, ನನಗೆ ಅಲ್ಲಿದ್ದವಳಿಗಿಂತ ಚೆನ್ನಾಗಿ ಕಂಡಿತು. ಇಂದಿಗೂ ಕಾಣುತ್ತದೆ, ಕಾಣದ್ದೇ ಹೆಚ್ಚು ಸ್ಪಷ್ಟ.

ಸಂಜೆ ಬಂದಾಗ ಜೊತೆಗೆ ಅವಳೂ ಬಂದಿದ್ದಳು. ರೈಲಿನಲ್ಲಿ ಮಡಕೆಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳಂತೆ. ಅದನ್ನು ಇಳಿಸಿ, ಕಾಲು ತೊಳೆಯಲು ಬಚ್ಚಲಿಗೆ ಹೋದಳು. ತುಂಬ ಹೊತ್ತು ನೀರಿನ ಸದ್ದು ಬರಲಿಲ್ಲ. ಆಮೇಲೆ ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತಳು. ತಗ್ಗಿದ ದನಿಯಲ್ಲಿ ಕೇಳಿದಳು:

"ಅಂಡೆ ನೀರಾ ಅತ್ತೆ?"

ನಾನು ಒಲೆ ಊದುತ್ತಿದ್ದೆ. ಊದುತ್ತಲೇ ಇದ್ದೆ.

ಅವಳು ಎದ್ದು ನಡುಮನೆಯ ಕಡೆ ಹೋದಳು. ಹೇಳುತ್ತಾಳೆ. ಹೇಳಲಿ. ಹೇಳಿದರೆ ಅವಳನ್ನು ಚಾಡಿಕೋರಿ ಎಂದು ದ್ವೇಷಿಸಬಹುದು, ಅದೊಂದು ಸಮಾಧಾನ ಇತ್ತು.

"ಮಾವ, ತಪ್ಪು ನಂದೇ ಕಣೋ. ಓದ್ಸಾರಿ ಇಡಿಯೋವಾಗ ಬಿಸ್ಲಲ್ಲಿ ಕೈ ಕಾದಿತ್ತು, ಅಂಗೇ ಮುಟ್ಬುಟ್ಟೆ. ಬಿಸಿ ಕೈ ತಗಲುದ್ರೆ ಉಳಿಯಾಕಿಲ್ಲ. ಸಾಬ್ರನ್ನ ಬೈಬ್ಯಾಡ, ಪಾಪ."

"ಥೂ! ಎಂಥಾ ಮೀನ್ಗಾರ್ತಿ ನೀನು" ಎಂದು ಅವರು ಹೋ ಎಂದು ನಕ್ಕರು.

ಮಾರನೆಯ ಬೆಳಿಗ್ಗೆ ಅವಳೇ ಕಾಲುವೆಗೆ ಹೋಗಿ ನೀರು ತಂದಳು, ಹೊತ್ತುಕೊಂಡೇ. ತೊಟ್ಟಿ ತೊಳೆದು ತುಂಬಿದಳು. ನನ್ನ ಕೈಯಿಂದಲೇ ಒಂದೊಂದು ಬೊಗಸೆ ಮಡಕೆಗೆ ಹಾಕಿಸಿದಳು, "ಮೆತ್ತಗೆ ಅತ್ತೆ, ಮೆತ್ತಗೆ" ಎನ್ನುತ್ತ. ಸಂಜೆ ಗಂಡ ಬಂದ ಮೇಲೆ ಮಡಕೆಯನ್ನು ತೊಟ್ಟಿಯೊಳಗೆ ಓರೆಯಾಗಿ ಮುಳುಗಿಸಿದಳು. ಮೀನುಗಳು ತಾವಾಗಿಯೇ, ಸಾವಕಾಶವಾಗಿ, ಒಂದರ ಹಿಂದೊಂದು ಹೊರಗೆ ಬಂದವು. ಐದೂ ಬದುಕಿದವು. ಬಹಳ ಕಾಲ ಬದುಕಿದವು. ಮನೆಗೆ ಬಂದವರಿಗೆಲ್ಲ ನನ್ನ ಗಂಡ ಅವನ್ನು ತೋರಿಸಿ, ಮೊದಲ ಸಲ ತಂದವನ್ನು ಅಕ್ಕನ ಮಗಳು ಕೈ ಬಿಸಿಯಿಂದ ಕೊಂದ ಕಥೆಯನ್ನು ಹೇಳುತ್ತಿದ್ದರು. ಅವಳು ಇದ್ದರೆ ಅವಳೂ ನಗುತ್ತಿದ್ದಳು. ನಾನು ಕಾಫಿ ಕೊಡುತ್ತಿದ್ದೆ.

ಇಲ್ಲಿಗೆ ನಿಲ್ಲಿಸಿದರೆ ನಾನು ಅವಳ ಒಳ್ಳೆಯತನಕ್ಕೆ ಕರಗಿದವಳಂತೆ ಕಾಣುತ್ತೇನೆ. ಕರಗಲಿಲ್ಲ. ಅವಳು ನನ್ನನ್ನು ಉಳಿಸಿದ ಮೇಲೆ ನನ್ನ ಹೊಟ್ಟೆಕಿಚ್ಚು ಇನ್ನೂ ಉರಿಯಿತು. ನನ್ನ ಗುಟ್ಟು ಅವಳ ಹತ್ತಿರ ಇತ್ತು, ಅದನ್ನು ಅವಳು ಒಂದು ಹೂವಿನ ಹಾಗೆ ಸಲೀಸಾಗಿ ಇಟ್ಟುಕೊಂಡಿದ್ದಳು. ಅಷ್ಟು ಧಾರಾಳವಾಗಿರಲು ಅವಳಿಗೆ ಹೇಗೆ ಸಾಧ್ಯವಾಯಿತು? ಏನೂ ಕಳೆದುಕೊಂಡಿಲ್ಲ ಎಂಬ ನಂಬಿಕೆ ಇರುವವರಿಗೆ ಮಾತ್ರ ಅದು ಸಾಧ್ಯ ಎಂದು ಆಗ ನನಗೆ ಅನಿಸಿತು. ಹಾಗಾದರೆ ಅವಳ ಹತ್ತಿರ ಇನ್ನೂ ಏನು ಉಳಿದಿತ್ತು?

ಅವಳು ಊರಿಗೆ ಹೊರಟ ಬೆಳಿಗ್ಗೆ, ನಾನು ತಲೆ ಬಾಚುತ್ತೇನೆ ಬಾ ಎಂದು ಕೂರಿಸಿಕೊಂಡೆ. ಎಣ್ಣೆ ಹಚ್ಚಿದೆ. ನನ್ನದಕ್ಕಿಂತ ಎರಡು ಪಟ್ಟು ದಟ್ಟ ಕೂದಲು. ಮೂರು ಕಾಲು ಮಾಡಿ ಹೆಣೆಯತೊಡಗಿದೆ, ಪ್ರತಿ ಹೆಣಿಗೆಯನ್ನೂ ಬಿಗಿ ಮಾಡಿ, ಇನ್ನೂ ಬಿಗಿ ಮಾಡಿ. ಅವಳ ಹುಬ್ಬು ಮೇಲಕ್ಕೆ ಎಳೆದು ನಿಲ್ಲುವಷ್ಟು.

"ನೋಯ್ತಾ?" ಎಂದೆ.

"ಇಲ್ಲ ಅತ್ತೆ" ಎಂದಳು. "ಬಿಗೀಗೆ ಆಕಿ. ದಾರೀಲಿ ಬಿಚ್ಚೋಗ್ಬಾರ್ದು."

ಬಾಗಿಲ ಹೊರಗೆ ಗಂಡ ರೈಲಿಗೆ ಹೊತ್ತಾಯಿತು ಎಂದು ಕೂಗಿದರು. ಯಾರನ್ನು ಕೂಗಿದರು ಎಂದು ತಿಳಿಯಲಿಲ್ಲ. ಇಬ್ಬರೂ ಒಟ್ಟಿಗೆ ಓಗೊಟ್ಟೆವು.