ಕಂಡಕ್ಟರನ ಕೈಯಲ್ಲಿ ಬರುತ್ತಿದ್ದ ಬಾಳೆದಿಂಡಿನ ರಸ

ಮೂಡುಬಿದಿರೆಯಿಂದ ಬರುವ ಬೆಳಗಿನ ಬಸ್ಸು ಗುರುವಾಯನಕೆರೆಯಲ್ಲಿ ನನ್ನ ಹೋಟೆಲಿನೆದುರು ನಿಂತಾಗ ಈಗಲೂ ನಾನು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ನಿಲ್ಲುತ್ತೇನೆ. ಆಮೇಲೆ ನೆನಪಾಗಿ ಸುಮ್ಮನೆ ಕೂರುತ್ತೇನೆ. ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲವಿಡೀ, ಆ ಬಸ್ಸಿನ ಕಂಡಕ್ಟರ್ ನನಗೆ ದಿನಾ ಒಂದು ಬಾಟಲಿ ತಂದುಕೊಡುತ್ತಿದ್ದ. ಒಳಗೆ ಬಾಳೆದಿಂಡಿನ ರಸ. ಕಳಿಸುತ್ತಿದ್ದವಳು ಮೂಡುಬಿದಿರೆಯಲ್ಲಿ ಮಗಳ ಜೊತೆಗಿರುವ ನನ್ನ ಅಕ್ಕ. ನಮ್ಮ ಕಡೆ ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟೆಯಿಂದ ಹಿಡಿದು ಮಿಕ್ಸಿಯ ಜಾರಿನವರೆಗೆ ಎಲ್ಲವೂ ಹೀಗೆ ಕಂಡಕ್ಟರನ ಕೈಯಲ್ಲೇ ಊರೂರು ಸೇರುತ್ತದೆ. ಮದ್ದು ಮಾತ್ರ ಯಾಕೆ ಸೇರಬಾರದು?

ನನ್ನ ಎಡ ಕಿಡ್ನಿಯಿಂದ ಇಳಿಯುವ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಊರಿಗೆಲ್ಲ ನೀರು ಕೊಡುವ ಹೋಟೆಲಿನವನಿಗೆ ತಾನು ಒಂದು ಲೋಟ ಕುಡಿಯಲು ಪುರುಸೊತ್ತಿರಲಿಲ್ಲ. ಬಂಟ್ವಾಳದಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲೇ ಮೊದಲ ಸಲ ನೋವು ಬಂದು ನಾನು ಬಾಳೆಲೆಯ ಮೇಲೆ ಕವುಚಿ ಬಿದ್ದೆ. ಡಾಕ್ಟರು ಸ್ವಲ್ಪ ದಿನ ಕಾಯೋಣ, ತಾನಾಗಿ ಹೋಗದಿದ್ದರೆ ಆಪರೇಶನ್ ಎಂದರು. ಅಕ್ಕನಿಗೆ ಅಷ್ಟೇ ಸಾಕಾಯಿತು.

"ಆಪರೇಶನ್ ಎಲ್ಲ ಎಂತಕ್ಕೆ? ನಾನು ರಸ ಕಳಿಸ್ತೇನೆ, ನೀನು ಕುಡಿ," ಎಂದಳು ಫೋನಿನಲ್ಲಿ.

ಅಮ್ಮ ತೀರಿಕೊಂಡ ಮೇಲೆ ನನಗೆ ಅನ್ನ ಹಾಕಿ ದೊಡ್ಡವನನ್ನು ಮಾಡಿದವಳು ಅಕ್ಕ. ಅವಳ ಮಾತಿಗೆ ನಾನು ಎದುರಾಡಿದ್ದು ಕಡಿಮೆ. ಅದೂ ಅಲ್ಲದೆ ಆಪರೇಶನ್ ಎಂದರೆ ಅವಳ ಮನೆಯಲ್ಲಿ ಎಲ್ಲರ ಮುಖ ಕಪ್ಪಿಡುತ್ತಿತ್ತು. ಭಾವ ಹೊಟ್ಟೆನೋವೆಂದು ಮಂಗಳೂರಿನ ಆಸ್ಪತ್ರೆಗೆ ಹೋದವರು, ಆಪರೇಶನ್ ಆಗಿಯೂ ತಿರುಗಿ ಬರಲಿಲ್ಲ. ನಮಗೆಲ್ಲ ಗೊತ್ತಿದ್ದದ್ದು ಅಷ್ಟು.

ರಸ ಒಗರು, ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಆದರೆ ಆ ಬೆಳಗುಗಳು ಎಷ್ಟು ಚಂದ ಇದ್ದವು! ಬಾಟಲಿ ಕೊಟ್ಟ ಕಂಡಕ್ಟರ್ ನಾನು ಕುಡಿದು ಮುಗಿಸುವ ತನಕ ಹೊರಡುತ್ತಿರಲಿಲ್ಲ, ಅಕ್ಕನಿಗೆ ವರದಿ ಒಪ್ಪಿಸಬೇಕಲ್ಲ. ಕಿಟಕಿಯಲ್ಲಿ ಕೂತ ಹೆಂಗಸರು, "ಕಲ್ಲು ಎಲ್ಲಿವರೆಗೆ ಬಂತು ಮಾರಾಯ್ರೆ?" ಎಂದು ಕೇಳುತ್ತಿದ್ದರು, ಕಲ್ಲೂ ವೇಣೂರು ದಾಟಿ ಬರುವ ಇನ್ನೊಂದು ಬಸ್ಸು ಎಂಬ ಹಾಗೆ. ನನ್ನ ಕಿಡ್ನಿಯ ವಿಷಯ ಇಡೀ ರೂಟಿಗೆ ಗೊತ್ತಿತ್ತು. ನಾಚಿಕೆಯಾಗುತ್ತಿತ್ತು, ಸುಖವೂ ಆಗುತ್ತಿತ್ತು.

ಒಂದು ದಿನ ನೋವು ಪೂರ್ತಿ ನಿಂತಿತು. ಕಲ್ಲು ಹೋಯಿತೆಂದೇ ನಾವು ತೀರ್ಮಾನಿಸಿದೆವು. ಅಕ್ಕ ಪಾಯಸ ಮಾಡಿ ಅದನ್ನೂ ಬಸ್ಸಿನಲ್ಲೇ ಕಳಿಸಿದಳು. ಕಂಡಕ್ಟರನಿಗೂ ಡ್ರೈವರನಿಗೂ ಒಂದೊಂದು ಲೋಟ ಕೊಟ್ಟೆ.

ಹೆಂಡತಿ ಮಾತ್ರ ಬಿಡದೆ ಸ್ಕ್ಯಾನ್ ಮಾಡಿಸಿದಳು. ಡಾಕ್ಟರು ಚಿತ್ರ ನೋಡಿ ತಲೆಯಾಡಿಸಿದರು. "ಕಲ್ಲು ಅಲ್ಲೇ ಉಂಟು. ನೋವು ನಿಂತಿದೆ ಅಷ್ಟೆ. ಕಲ್ಲಿನ ಹಿಂದೆ ಮೂತ್ರ ಕಟ್ಟಿ ಕಿಡ್ನಿ ಊದಿಕೊಂಡಿದೆ. ಇನ್ನು ತಡ ಮಾಡಿದರೆ ಅದು ಉಳಿಯುವುದು ಕಷ್ಟ," ಎಂದರು.

ಕಿಡ್ನಿ ಬೇಕು, ಅಕ್ಕನ ಮನಸ್ಸೂ ಬೇಕು. ಪಾಯಸ ಮಾಡಿ ಕಳಿಸಿದವಳಿಗೆ ಇದನ್ನು ಹೇಗೆ ಹೇಳುವುದು? ಫೋನಿನಲ್ಲಿ ಹೇಳಲು ಬಾಯಿ ಬರದೆ ಮೂಡುಬಿದಿರೆಗೇ ಹೋದೆ. ಅಕ್ಕ ಅಡುಗೆಮನೆಯ ನೆಲದಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದಳು. ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವಳ ಕೈ ನಿಂತಿತು.

"ನಾಳೆಯೇ ಹೋಗುವ. ನಾನೂ ಬರ್ತೇನೆ," ಎಂದಳು.

ನಾನು ಜಗಳಕ್ಕೆ ತಯಾರಾಗಿ ಹೋಗಿದ್ದೆ.

"ನಿನ್ನ ಭಾವನಿಗೂ ಡಾಕ್ಟರು ಬೇಗ ಆಪರೇಶನ್ ಮಾಡಿಸಿ ಅಂತಲೇ ಹೇಳಿದ್ದು," ಎಂದಳು ಅಕ್ಕ. "ಬೇಡ, ಮದ್ದಿನಲ್ಲಿ ನೋಡುವ ಅಂತ ತಡ ಮಾಡಿಸಿದವಳು ನಾನು. ಯಾರಿಗೂ ಹೇಳಲಿಲ್ಲ."

ಆಪರೇಶನ್ ಸಲೀಸಾಗಿ ಆಯಿತು. ಹೊಟ್ಟೆ ಕೊಯ್ಯಲೂ ಇಲ್ಲ, ಮೂತ್ರದ ದಾರಿಯಿಂದಲೇ ನಳಿಗೆ ಹಾಕಿ ಕಲ್ಲು ಪುಡಿ ಮಾಡಿ ತೆಗೆದರು. ಕಿಡ್ನಿ ಉಳಿಯಿತು. ಅಷ್ಟೂ ಹೊತ್ತು ಅಕ್ಕ ಬಾಗಿಲ ಹೊರಗೆ ನಿಂತೇ ಇದ್ದಳಂತೆ, ಕುರ್ಚಿ ಕೊಟ್ಟರೂ ಕೂರಲಿಲ್ಲವಂತೆ. ಮರುದಿನ ವಾರ್ಡಿನಲ್ಲಿ ನನಗೆ ಗಂಜಿ ಕುಡಿಸುತ್ತಿದ್ದಾಗ ಕೇಳಿಯೇಬಿಟ್ಟೆ.

"ಅಷ್ಟೆಲ್ಲ ಆದ ಮೇಲೂ ನನಗೆ ರಸ ಯಾಕೆ ಕಳಿಸಿದ್ದು ಅಕ್ಕ?"

ಅವಳು ನನ್ನ ಬಾಯಿ ಒರೆಸಿದಳು.

"ನಿನಗಾದರೂ ಅದರಲ್ಲಿ ಗುಣ ಆಗಿದ್ದರೆ, ಅವತ್ತು ನಾನು ಹೇಳಿದ್ದು ಪೂರ್ತಿ ತಪ್ಪಲ್ಲ ಅಂತ ಆಗ್ತಿತ್ತು," ಎಂದಳು.