ಎರಡು ಬಣ್ಣಗಳ ನಡುವೆ
ಮಹಡಿಯ ಕೋಣೆ ಬಾಡಿಗೆಗೆ ಕೇಳಲು ಚಿತ್ರಗಾರ್ತಿ ಬಂದ ದಿನ, ಕುಂಚವಿಲ್ಲ, ಬಣ್ಣವಿಲ್ಲ, ಬರೀ ಒಂದು ಕಂಪ್ಯೂಟರ್ ಕಂಡು ಮನೆಯೊಡತಿ ಅಜ್ಜಿಗೆ ಅನುಮಾನವೇ ಬಂದಿತ್ತು. ವೈದ್ಯರಾಗುವವರು ಓದುವ ಪುಸ್ತಕಗಳಿಗೆ ಈಕೆ ಚಿತ್ರ ಬರೆಯುವುದು ಅಕ್ಷರದಲ್ಲಿ. ಗೆರೆ ಎಲ್ಲಿಂದ ಹೊರಟು ಎಲ್ಲಿ ಬಾಗಬೇಕೆಂದು ಸಾಲು ಸಾಲಾಗಿ ಕೀಲಿ ಒತ್ತಿ ಬರೆದರೆ ಯಂತ್ರ ಎಳೆದುಕೊಡುತ್ತದೆ. "ಗೆರೆ ಹೊರಟ ಚುಕ್ಕಿಗೇ ವಾಪಸ್ ಬಂದು ಸೇರ್ಬೇಕು ಅಜ್ಜಿ, ಇಲ್ಲಾಂದ್ರೆ ಒಳಗೆ ಬಣ್ಣ ತುಂಬಲ್ಲ ಅಂತ ಹಟ ಹಿಡಿಯುತ್ತೆ," ಎನ್ನುತ್ತಾಳೆ. ಏನಾದರೂ ತೆರೆದೇ ಉಳಿದೀತೆಂಬ ಭಯ ಮೈಗೇ ಹತ್ತಿ, ಬಾಗಿಲ ಚಿಲಕ ಎಳೆದೆಳೆದು ನೋಡುತ್ತಾಳೆ, ಅಜ್ಜಿಯ ಉಪ್ಪಿನ ಡಬ್ಬಿಯ ಮುಚ್ಚಳವನ್ನೂ ಬಿಡುವುದಿಲ್ಲ. "ನನ್ನ ಬಾಯೊಂದು ತೆರೆದೇ ಇದೆ, ಅದನ್ನೂ ಮುಚ್ಚಿಬಿಡೇ ತಾಯಿ," ಎಂದು ಅಜ್ಜಿ ಛೇಡಿಸಿದರೂ ಅವಳ ಕೈ ಮುಚ್ಚಳದ ಮೇಲೇ ಇರುತ್ತದೆ. ಛಾಯೆ ತುಂಬುವ ದಿನವಂತೂ ಅವಳಿಗೆ ಅನ್ನ ಸೇರದು. ಈ ತುದಿಗೊಂದು ಬಣ್ಣ, ಆ ತುದಿಗೊಂದು ಬಣ್ಣ ಅಂಕಿಯಲ್ಲಿ ಹೇಳಿದರೆ ನಡುವಿನದನ್ನೆಲ್ಲ ಯಂತ್ರವೇ ನುಣ್ಣಗೆ ಬೆರೆಸುತ್ತದೆ. ಆಮೇಲೆ ಅಚ್ಚು ತೆಗೆದ ಹಾಳೆ ಹಿಡಿದು ದಡದಡ ಇಳಿದು ಬರುತ್ತಾಳೆ. ನಲವತ್ತು ವರ್ಷ ನೂಲಿಗೆ ಬಣ್ಣ ಹಾಕಿದ ಅಜ್ಜಿ "ಒಂಚೂರು ಕೆಂಪು ಜಾಸ್ತಿ" ಎಂದರೆ ಓಡಿಹೋಗಿ ಅಂಕಿ ತಿದ್ದುತ್ತಾಳೆ. ತನ್ನ ಅನುಭವಕ್ಕೆ ಕೊಡುವ ಮರ್ಯಾದೆ ಇದು ಎಂದೇ ಅಜ್ಜಿ ಬೀಗಿದ್ದಳು. ಮೊನ್ನೆ ತಂದದ್ದು ಕಾಯಿಲೆ ಬಿದ್ದ ಶ್ವಾಸಕೋಶದ ಚಿತ್ರ. ಕೆಂಪು ಮೆಲ್ಲಗೆ ಕಪ್ಪಾಗುವ ಕಡೆ ತೋರಿಸಹೋದ ಅವಳ ಬೆರಳು ಹಾಳೆಯ ತುಂಬ ತಡಕಾಡಿತು. "ಆರು ತಿಂಗಳಿಂದ ನನಗೆ ಎಲ್ಲಾ ಬೂದಿ ಬಣ್ಣವೇ ಅಜ್ಜಿ, ಕೆಂಪು ಯಾವ್ದು ಕಪ್ಪು ಯಾವ್ದು ಗೊತ್ತಾಗಲ್ಲ. ಪುಸ್ತಕದವರಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ," ಎಂದವಳು ದನಿ ತಗ್ಗಿಸಿ ಕೇಳಿದಳು: "ಕಾಯಿಲೆ ಎಲ್ಲಿಂದ ಶುರುವಾಗಿದೆ, ನನ್ನ ಬೆರಳು ಹಿಡಿದು ಅಲ್ಲಿ ಇಡ್ತೀರಾ?"